ತಂಗಿ ಬಿಡಿಸಿದ ತೋಳು

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ತುಂಬುತೋಳಕ್ಕ ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ: ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಬಟ್ಟೆ ತೊಟ್ಟು ನೋಡುವವರಿಗಾಗಿ ಮೂಲೆಯಲ್ಲೊಂದು ಪರದೆ. ಎರಡನೆಯ ಮೆಷಿನ್ನಿನಲ್ಲಿ ಅಂಚು ಹೊಲಿಯುವುದು, ಕಾಜಾ ಮಾಡುವುದು ನನ್ನ ಕೆಲಸ. ಇಸ್ತ್ರಿಯ ಕಾವಿಗೆ ನಾನು ಬೆವರಿನಲ್ಲಿ ತೊಯ್ದುಹೋಗುತ್ತಿದ್ದರೂ ಅವಳು ಮಣಿಕಟ್ಟು ಮುಚ್ಚುವ ಅಂಗಿಯನ್ನೇ ತೊಡುತ್ತಿದ್ದಳು. "ಸೆಕೆ ಆಗಲ್ವಾ ಅಕ್ಕಾ?" ಎಂದರೆ, "ಬೆಂದಿದ್ದು ಇನ್ನೆಷ್ಟು ಬೇಯುತ್ತೆ ಬಿಡೆ" ಎಂದು ನಕ್ಕುಬಿಡುತ್ತಿದ್ದಳು.

ಬೆಂದದ್ದು ಎಡತೋಳು. ತಾಯಿ ತೀರಿಹೋಗಿ, ಅಪ್ಪ ಮುದ್ರಣಾಲಯದ ಪಾಳಿಗೆ ಹೋಗುತ್ತಿದ್ದ ಕಾಲ. ಹತ್ತು ವರ್ಷದ ಇವಳೇ ಮನೆಗೆ ಯಜಮಾನಿ. ತಂಗಿ ಪುಟ್ಟಿಗೆ ಆಗಿನ್ನೂ ಮೂರು. ಒಂದು ಸಂಜೆ ಪುಟ್ಟಿ ಒಲೆಯ ಪಕ್ಕ ನೇತಾಡುತ್ತಿದ್ದ ಟವಲನ್ನು ಜಗ್ಗಿದಳು, ಸೀಮೆಎಣ್ಣೆ ಒಲೆ ಮಗುಚಿಕೊಂಡಿತು. ಅಕ್ಕ ಮಗುವನ್ನು ಬಾಚಿ ಎದೆಗವಚಿಕೊಂಡು ಬೀದಿಗೆ ಓಡಿದಳು. ಪುಟ್ಟಿಯ ಒಂದು ಕೂದಲೂ ಕೊಂಕಲಿಲ್ಲ. ಇವಳ ತೋಳು ಮಣಿಕಟ್ಟಿನಿಂದ ಭುಜದವರೆಗೆ ಸುಟ್ಟುಹೋಯಿತು.

ಮುಂದೆ ಮದುವೆಯ ಮಾತು ಎರಡು ಸಲ ಬಂತು. ಎರಡನೆಯವನು ಗಡಿಯಾರ ರಿಪೇರಿ ಮಾಡುವವನು, ಒಳ್ಳೆಯವನೇ. ಮುಚ್ಚಿಟ್ಟು ಮದುವೆಯಾಗಬಾರದೆಂದು ಅಕ್ಕ ತಾನಾಗಿಯೇ ತೋಳು ಮೇಲೇರಿಸಿ ತೋರಿಸಿದಳು. ಅವನು ನೀರು ಕೇಳಿದ, ಕುಡಿದ, ಲೋಟ ಕೆಳಗಿಟ್ಟು ಹೊರಟುಹೋದ. ಆಮೇಲೆ ಅವಳು ತೋಳನ್ನು ಯಾರಿಗೂ ತೋರಿಸಲಿಲ್ಲ, ಪುಟ್ಟಿಗೂ.

ಪುಟ್ಟಿಯನ್ನು ಚಿತ್ರಕಲಾ ಶಾಲೆಗೆ ಸೇರಿಸಿ ಓದಿಸಿದ್ದು ಅಕ್ಕನ ಹೊಲಿಗೆಯೇ. ಅವಳು ದೊಡ್ಡ ಕಲಾವಿದೆಯಾದಳು, ಊರಿನ ಆಚೆ ತುದಿಯಲ್ಲಿ ಬೇರೆ ಮನೆ ಮಾಡಿದಳು. ಅವಳು ಬಿಡಿಸುತ್ತಿದ್ದುದು ತನ್ನನ್ನೇ ಅಂತೆ. ಅವಳ ಚಿತ್ರಗಳೇ ಅವಳ ಆತ್ಮಕಥೆ ಎಂದು ತಿಳಿದವರು ಹೊಗಳುತ್ತಿದ್ದರು. ಅಕ್ಕನಿಗೆ ಹಿಗ್ಗೋ ಹಿಗ್ಗು. ಆದರೆ ಪ್ರದರ್ಶನಕ್ಕೆ ಬಾ ಎಂದು ತಂಗಿ ಯಾವತ್ತೂ ಒತ್ತಾಯಿಸಿದವಳಲ್ಲ. "ನನಗೆ ಅದೆಲ್ಲ ಎಲ್ಲಿ ಅರ್ಥ ಆಗುತ್ತೆ" ಎಂದು ಅಕ್ಕನೂ ಸುಮ್ಮನಿದ್ದಳು.

ಒಮ್ಮೆ ರಜೆಯ ದಿನ ನಾನೇ ಹಟ ಹಿಡಿದು ಹೊರಡಿಸಿದೆ. ಹೇಳದೆ ಹೋಗಿ ಬೆರಗುಗೊಳಿಸೋಣ ಎಂದುಕೊಂಡೆವು.

ಬಿಳಿ ಗೋಡೆಯ ದೊಡ್ಡ ಹಾಲ್, ಪಿಸುಮಾತಿನ ಜನ. ಎದುರಿಗೇ ಆಳೆತ್ತರದ ಚಿತ್ರ. ಮುಖ ಪುಟ್ಟಿಯದು, ನಿಲುವು ಪುಟ್ಟಿಯದು. ತೋಳಿಲ್ಲದ ಅಂಗಿ. ಎಡತೋಳಿನ ಚರ್ಮ ಮಾತ್ರ ಮಣಿಕಟ್ಟಿನಿಂದ ಭುಜದವರೆಗೆ ಸುಟ್ಟು ಮುದುರಿತ್ತು. ಎಲ್ಲಿಂದಲೋ ಪುಟ್ಟಿಯ ಧ್ವನಿ ಕೇಳಿಬರುತ್ತಿತ್ತು, ಮೊದಲೇ ರೆಕಾರ್ಡ್ ಮಾಡಿಟ್ಟದ್ದು: "ಆಗ ನನಗೆ ಹತ್ತು ವರ್ಷ. ಅಪ್ಪ ಪಾಳಿಗೆ ಹೋಗಿದ್ದರು..." ಒಲೆ ಬಂತು, ಬೆಂಕಿ ಬಂತು. ಕೊನೆಗೆ ಗಡಿಯಾರದವನೂ ಬಂದ, ನೀರು ಕುಡಿದು ಹೋದ. ಮಾತುಮಾತಿಗೂ 'ನಾನು', 'ನನ್ನ'. ಆ ಕಥೆಯಲ್ಲಿ ಅಕ್ಕ ಎಂಬವಳೇ ಇರಲಿಲ್ಲ. ನಮ್ಮ ಪಕ್ಕದಲ್ಲಿ ನಿಂತ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಕ್ಕ ಚಿತ್ರದ ಹತ್ತಿರ ಹೋಗಿ ಕೈ ಚಾಚಿದಳು.

"ಮುಟ್ಬಾರದಮ್ಮ, ಹಿಂದೆ ಬನ್ನಿ" ಎಂದ ಕಾವಲಿನವನು.

ಅಷ್ಟರಲ್ಲಿ ಪುಟ್ಟಿ ಒಳಗಿನಿಂದ ಬಂದಳು. ನಮ್ಮನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು. "ಅಕ್ಕಾ! ಹೇಳ್ದೇ ಬಂದ್ಬಿಟ್ಯಾ?"

"ನೀನೂ ಹೇಳ್ದೇ ತಗೊಂಡೆಯಲ್ಲ."

ಪುಟ್ಟಿ ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಕ್ಕ ನನ್ನ ಕೈ ಬಿಡದೆ ಹಿಡಿದಿದ್ದರಿಂದ ನಾನೂ ಹೋದೆ.

"ಅವತ್ತು ಸುಡಬೇಕಾಗಿದ್ದು ನಾನು ಅಕ್ಕಾ. ಕನ್ನಡಿ ಮುಂದೆ ನಿಂತಾಗೆಲ್ಲ ಈ ನುಣ್ಣಗಿರೋ ತೋಳು ನನ್ನದಲ್ಲ ಅನ್ಸುತ್ತೆ. ನನ್ನನ್ನ ಬಿಡಿಸೋಕೆ ಕೂತ್ರೆ ಸುಟ್ಟಿದ್ದೇ ಬರುತ್ತೆ. ನಾನು ಸುಳ್ಳು ಹೇಳ್ತಿದೀನಿ ಅಂತ ನನಗೆ ಯಾವತ್ತೂ ಅನ್ನಿಸ್ಲಿಲ್ಲ."

"ಉರಿ ಉಂಡಿದ್ದು ನಾನು ಪುಟ್ಟಿ. ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಅಂತಿದ್ದೆ."

ಪುಟ್ಟಿ ಅಳತೊಡಗಿದಳು. "ನಾಳೆನೇ ಎಲ್ಲರ ಮುಂದೆ ಹೇಳ್ತೀನಿ, ಇದು ನಮ್ಮಕ್ಕನ ತೋಳು, ನಮ್ಮಕ್ಕನ ಕಥೆ ಅಂತ."

ಅಕ್ಕ ಅಂಗಿಯ ತೋಳನ್ನು ಮಣಿಕಟ್ಟಿಗೆ ಎಳೆದುಕೊಂಡಳು. ಆಮೇಲೆ, "ಹೇಳಿದ್ರೆ ಊರೆಲ್ಲ ನನ್ನ ತೋಳು ನೋಡೋಕೆ ಅಂಗಡಿಗೆ ಬರುತ್ತೆ. ಹೇಳ್ದಿದ್ರೆ ನಾನು ಪಟ್ಟಿದ್ದು ನಿನ್ನ ಹೆಸರಲ್ಲಿರುತ್ತೆ. ಯಾವುದು ವಾಸಿ, ನೀನೇ ಹೇಳು" ಎಂದಳು. ಮರುದಿನ ಪುಟ್ಟಿ ಯಾರ ಮುಂದೆಯೂ ಹೇಳಲಿಲ್ಲ. ಚಿತ್ರ ಇದ್ದಲ್ಲೇ ಇತ್ತು.

ಅಕ್ಕತಂಗಿಯರ ನಡುವೆ ಮಾತು ನಿಲ್ಲಲಿಲ್ಲ, ಸಲಿಗೆ ನಿಂತಿತು. ಪುಟ್ಟಿ ಬಂದರೆ ಅಕ್ಕ ಕುರ್ಚಿ ಒರೆಸಿ ಕೂರಿಸುತ್ತಿದ್ದಳು, ಗಿರಾಕಿಗೆ ಮಾಡುವ ಹಾಗೆ.

ಮಳೆಯಲ್ಲಿ ನೆನೆದು ಬಂದ ಒಂದು ದಿನ ಅಕ್ಕ ಪರದೆಯ ಹಿಂದೆ ಅಂಗಿ ಬದಲಿಸುತ್ತಿದ್ದಾಗ, ಒಳಗೆ ಯಾರೂ ಇಲ್ಲವೆಂದುಕೊಂಡು ಗಿರಾಕಿ ಹೆಂಗಸೊಬ್ಬಳು ಪರದೆ ಸರಿಸಿಬಿಟ್ಟಳು. ತೋಳು ನೋಡಿ ಗಾಬರಿಯಾದಳು. ಸಮಾಧಾನ ಹೇಳುವಂತೆ, "ಬೇಜಾರು ಮಾಡ್ಕೋಬೇಡಿ, ದೊಡ್ಡ ಕಲಾವಿದೆ ಒಬ್ರಿಗೂ ಥೇಟ್ ಹೀಗೇ ಇದೆ" ಎಂದಳು.

"ಹೂಂ, ಅವರನ್ನ ನೋಡಿಯೇ ಮಾಡಿಸ್ಕೊಂಡೆ" ಎಂದಳು ಅಕ್ಕ. ಆ ಹೆಂಗಸಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ಹೋದಮೇಲೆ ಅಕ್ಕ ಇಸ್ತ್ರಿ ಮೇಜಿಗೆ ತಲೆಯಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುವರ್ಷ ಶ್ವಾಸಕೋಶದಲ್ಲಿ ನೀರು ತುಂಬಿ ಅಕ್ಕ ಆಸ್ಪತ್ರೆ ಸೇರಿದಳು. ಪುಟ್ಟಿ ಎಲ್ಲ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಒಂದು ಬೆಳಿಗ್ಗೆ ನರ್ಸು ಬಿಸಿನೀರಿನ ಬೋಗುಣಿ ತಂದಿಟ್ಟು, "ಮೈ ಒರೆಸಿ" ಎಂದು ಹೋದಳು. ಪುಟ್ಟಿ ಅಕ್ಕನ ಮುಖ ನೋಡಿದಳು. "ಒರೆಸು" ಎಂದಳು ಅಕ್ಕ.

ಪುಟ್ಟಿ ತೋಳನ್ನು ನಿಧಾನವಾಗಿ ಎತ್ತಿದಳು. ಹೊರಮೈಯೆಲ್ಲ ಸುಟ್ಟ ಗಂಟುಗಂಟು. ಒಳಗಡೆ, ಮೊಣಕೈಯ ಮೇಲಕ್ಕೆ, ಒಂದು ಅಂಗೈಯಗಲ ಚರ್ಮ ಮಾತ್ರ ಮಗುವಿನದರಂತೆ ನುಣುಪಾಗಿತ್ತು.

"ಇಲ್ಲೇಕೆ ಅಕ್ಕಾ ಸುಟ್ಟಿಲ್ಲ?"

"ಅಲ್ಲಿ ನೀನಿದ್ದೆಯಲ್ಲೇ."

ಪುಟ್ಟಿ ಒದ್ದೆ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿದಳು. "ಇಷ್ಟು ವರ್ಷ ತಪ್ಪಾಗಿ ಬಿಡಿಸ್ದೆ" ಎಂದು ಹೇಳುತ್ತಲೇ ಇದ್ದಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು, "ನೀರು ಆರಿಹೋಗುತ್ತೆ, ಬೇಗ ಒರೆಸೇ" ಎಂದಳು.

ಅದೇ ವಾರ ಅಕ್ಕ ಹೋಗಿಬಿಟ್ಟಳು.

ಆ ಚಿತ್ರವನ್ನು ವಾಪಸು ಪಡೆಯಲು ಪುಟ್ಟಿ ತುಂಬ ಓಡಾಡಿದಳು. ಕೊಂಡವರು ದೂರದೇಶದವರು, ಜಪ್ಪಯ್ಯ ಎಂದರೂ ಕೊಡಲಿಲ್ಲ. ಮತ್ತೊಮ್ಮೆ ಸರಿಯಾಗಿ ಬಿಡಿಸಬಾರದೇ ಎಂದು ಒಂದು ದಿನ ನಾನೇ ಕೇಳಿದೆ. "ಈಗ ಗೊತ್ತಿದೆಯಲ್ಲ, ಅದಕ್ಕೇ ಆಗಲ್ಲ. ಅವಳು ತೋರಿಸಿದ್ದು ನನಗೆ ಮಾತ್ರ" ಎಂದಳು.

ಈಗ ಅಂಗಡಿ ನಾನು ನಡೆಸುತ್ತೇನೆ. ಪುಟ್ಟಿ ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಹೂವು, ಹಕ್ಕಿ ಬಿಡಿಸುವುದನ್ನು ಕಲಿಸುತ್ತಾಳೆ. ಆಗಾಗ ಬಂದು ಅಕ್ಕನ ಮೆಷಿನ್ನಿನ ಮುಂದೆ ಕೂರುತ್ತಾಳೆ. ಹೊಲಿಯಲು ಬರುವುದಿಲ್ಲ, ಸುಮ್ಮನೆ ಕೂರುತ್ತಾಳೆ. ನಾನು ಚಹಾ ಕೊಡುತ್ತೇನೆ. ಕುಡಿದು, ಲೋಟ ತೊಳೆದಿಟ್ಟು, "ಬರ್ತೀನಿ" ಎಂದು ಹೋಗುತ್ತಾಳೆ.