ಬದಲಿ ಆಳು

"ಮಂಚ ಐತಿ, ನೀರಿನ ಕೊಡ ಐತಿ, ಇವನೂ ಅದಾನ. ಇಟ್ಕೊಳ್ರಿ ಮಾಸ್ತರ," ಎಂದರು ಸಂಗನಗೌಡರು.

ಮಸ್ಕಿಯ ಹತ್ತಿರದ ಆ ಹಳ್ಳಿಗೆ ಮೇಷ್ಟರಾಗಿ ಹೋದ ದಿನವೇ ಊರಿನ ದೊಡ್ಡ ಜಮೀನುದಾರರು ನನಗೆ ಒಂದು ಕೋಣೆಯನ್ನೂ ಅದರ ಸಾಮಾನಿನ ಜೊತೆ ಒಬ್ಬ ಮನುಷ್ಯನನ್ನೂ ಕೊಟ್ಟರು. ಅವನ ಹೆಸರು ದ್ಯಾವಪ್ಪ. ನನಗಿಂತ ಹಿರಿಯ. ನನ್ನ ಟ್ರಂಕು ಹೊತ್ತು ನಿಂತಿದ್ದವನು, ಯಾರೂ ಇಳಿಸೆಂದು ಹೇಳದ ಕಾರಣ ಇನ್ನೂ ಇಳಿಸಿರಲಿಲ್ಲ.

ಹೈದರಾಬಾದು ಸಂಸ್ಥಾನ ಆಗಷ್ಟೇ ಭಾರತಕ್ಕೆ ಸೇರಿತ್ತು. ಉರ್ದು ಶಾಲೆಗಳೆಲ್ಲ ಕನ್ನಡವಾಗುತ್ತಿದ್ದವು. ಮೇಷ್ಟರು ಸಾಲದೆ ಮಂಡ್ಯದ ಕಡೆಯ ನನ್ನಂಥವರಿಗೂ ಅಲ್ಲಿ ಕೆಲಸ ಸಿಕ್ಕಿತು. ನಮ್ಮೂರಿನಲ್ಲಿದ್ದ ನೆಂಟರಾದ ನಿಮಗೆಲ್ಲ ಕಾಗದದಲ್ಲಿ ನಾನು ಬರೆಯುತ್ತಿದ್ದುದು ಊಟದ ಮಾತು, ಬಿಸಿಲಿನ ಮಾತು. ರಾಗಿಯ ಮುಖ ಕಾಣದೆ ಜೋಳದ ರೊಟ್ಟಿ ಮುರಿಯಲು ಕಲಿತದ್ದು, ಪುಂಡಿಪಲ್ಲೆ ಎಂಬ ಸೊಪ್ಪಿನ ಹುಳಿಗೆ ನಾಲಿಗೆ ಒಗ್ಗಿದ್ದು, ಆಸ್ಪತ್ರೆಗೆ ದವಾಖಾನೆ, ಪೊಲೀಸ್ ಅಧಿಕಾರಿಗೆ ಅಮೀನ್ ಸಾಹೇಬ ಎನ್ನುವುದು. ನಾನು 'ಬನ್ನಿ, ಕೂತ್ಕೊಳ್ಳಿ' ಎಂದರೆ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಇನ್ನೊಂದು ಪದವನ್ನೂ ಕಲಿತೆ, ಭಗೇಲಾ. ನಮ್ಮ ಕಡೆಯ ಜೀತಕ್ಕೆ ಇಲ್ಲಿನ ಹೆಸರು ಅದು. ದ್ಯಾವಪ್ಪನ ಅಪ್ಪ ಯಾವಾಗಲೋ ಗೌಡರ ಮನೆಗೆ ಸೇರಿದವನು. ಅವನು ಸತ್ತ ಮೇಲೆ ದ್ಯಾವಪ್ಪ ಆ ಜಾಗಕ್ಕೆ ಬಂದ. ಗೌಡರ ದನ ನೋಡಿಕೊಳ್ಳುತ್ತಲೇ ನನಗೂ ನೀರು ಹೊರುತ್ತಿದ್ದ. ಯಾಕೆ ಬಂದೆ ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಸಂಗನಗೌಡರ ತಮ್ಮ ಶರಣೇಗೌಡರು ಬೇರೆ ತರಹದ ಮನುಷ್ಯ. ನಿಜಾಮನ ವಿರುದ್ಧ ಹೋರಾಡಲು ಗಡಿಯಾಚೆಯ ಶಿಬಿರದಲ್ಲಿದ್ದು ಬಂದವರು. ಸಂಜೆ ಶಾಲೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಒಂದು ದಿನ ನಾನು ಮಕ್ಕಳಿಗೆ ಅಮೆರಿಕದ ಕಥೆ ಹೇಳುತ್ತಿದ್ದೆ. ಗುಲಾಮರನ್ನು ಇಟ್ಟುಕೊಳ್ಳಬೇಕೆಂದವರು, ಬೇಡವೆಂದವರು ಎರಡಾಗಿ, ಒಂದೇ ದೇಶ ತನ್ನ ಮೇಲೆ ತಾನೇ ದಂಡೆತ್ತಿ ಹೋದ ಕಥೆ. ಒಂದೇ ಮನೆಯ ಅಣ್ಣತಮ್ಮಂದಿರು ಎದುರುಬದುರು ನಿಂತು ಗುಂಡು ಹಾರಿಸಿದರು ಎಂದೆ.

"ಯಾರು ಗೆದ್ರು?" ಎಂದು ಶರಣೇಗೌಡರು ಕೇಳಿದರು.

"ಬೇಡ ಎಂದವರು."

ಹೊಲದಿಂದ ಮರಳುತ್ತಿದ್ದ ಸಂಗನಗೌಡರು ಅಲ್ಲೇ ನಿಂತಿದ್ದರು. "ಗೆದ್ದ ಮ್ಯಾಲೆ ಅವರ ಹೊಲ ಯಾರು ಬಿತ್ತಿದ್ರು, ಮಾಸ್ತರ?" ಎಂದರು. ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು.

ಅಷ್ಟರಲ್ಲಿ ತುಂಗಭದ್ರೆಯ ಕಾಲುವೆ ಬರುತ್ತದೆಂದು ಸಿಂಧನೂರಿನ ಕಡೆ ನೆಲ ಅಗೆಯಲು ಶುರುವಾಯಿತು. ಕಾಲುವೆ ನಾಡಿನವನಾದ ನನ್ನನ್ನು ಎಲ್ಲರೂ ಕೇಳುವವರೇ. ನೀರು ಬಂದರೆ ಭತ್ತವಂತೆ, ಹೌದೇನ್ರೀ? ಹೌದು ಎನ್ನುತ್ತಿದ್ದೆ. ಭತ್ತವೆಂದರೆ ಇನ್ನೂ ಹೆಚ್ಚು ಕೈ ಬೇಕೆಂದು ಸಂಗನಗೌಡರು ಲೆಕ್ಕ ಹಾಕಿದರು. ಅಗೆಯುವ ಕಡೆ ಯಾರಿಗಾದರೂ ದಿನಗೂಲಿ ಸಿಗುತ್ತದೆಂದು ಆಳುಗಳು ತಿಳಿದುಕೊಂಡರು. "ಹೋಗು, ನಾ ಅದೀನಿ," ಎಂದು ಶರಣೇಗೌಡರು ದ್ಯಾವಪ್ಪನಿಗೆ ಹೇಳಿದರು. ಒಂದು ಸಂತೆಯ ದಿನ ಅವನೂ ಹೆಂಡತಿ ಹುಲಿಗೆವ್ವನೂ ಹೋದವರು ತಿರುಗಿ ಬರಲಿಲ್ಲ.

ಮರುದಿನ ಅವನ ತಮ್ಮ ಮರಿಯಪ್ಪನನ್ನು ಕರೆಸಿ ಸಂಗನಗೌಡರು ದನದ ಕೊಟ್ಟಿಗೆಗೆ ನಿಲ್ಲಿಸಿದರು. ಜಾಗ ಖಾಲಿ ಇರುವಂತಿಲ್ಲ.

ದ್ಯಾವಪ್ಪನನ್ನು ಕಳಿಸಿದ್ದು ತಮ್ಮನೆಂದು ಗೊತ್ತಾಗಿ ಊರು ಅಣ್ಣನ ಕಡೆ, ತಮ್ಮನ ಕಡೆ ಎಂದು ಒಡೆಯಿತು. ನಾನು ಪಾಠ ಮಾಡಿದಂತೆ ಇಟ್ಟುಕೊಳ್ಳುವವರು, ಬಿಡುವವರು ಎಂದು ನೇರವಾಗಿ ಅಲ್ಲ. ಸಂಗನಗೌಡರ ಜಮೀನು ಮಾಡುತ್ತಿದ್ದವರು, ಅವರಿಂದ ನೊಂದವರು, ಹಳೆಯ ಬದುವಿನ ಜಗಳದವರು, ಎಲ್ಲರೂ ಈ ಒಂದು ಮಾತಿನ ಹಿಂದೆ ಸೇರಿಕೊಂಡರು. ಒಂದು ಕಡೆಯವರಿಗೆ ಕ್ಷೌರ ಮಾಡಿದ ಹಡಪದವನನ್ನು ಇನ್ನೊಂದು ಕಡೆಯವರು ಓಣಿಗೆ ಬಿಡಲಿಲ್ಲ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಿಂತಿತು. ಶಾಲೆಯಲ್ಲಿ ಮಕ್ಕಳು ತಾವಾಗಿಯೇ ಎರಡು ಗುಂಪಾಗಿ ಕುಳಿತರು. ನಾನು ಬೆರೆಸಿ ಕೂರಿಸಿದೆ. ಮರುದಿನ ಅರ್ಧ ಮಕ್ಕಳು ಬರಲಿಲ್ಲ. ನನ್ನ ಜೊತೆ ಮಾತನಾಡುವವರೇ ಕಡಿಮೆಯಾದರು. ಭಾನುವಾರಗಳಲ್ಲಿ ಮಸ್ಕಿಯ ಬಜಾರಿಗೆ ನಡೆದುಹೋಗಿ, ಗುರುತಿಲ್ಲದ ಜನರ ನಡುವೆ ಸುಮ್ಮನೆ ಕುಳಿತು ಬರುತ್ತಿದ್ದೆ.

ಸುಗ್ಗಿಗೆ ಮುಂಚೆ ಸಂಗನಗೌಡರು ದ್ಯಾವಪ್ಪನನ್ನು ಹಿಡಿದು ತರಲು ಆಳುಗಳನ್ನು ಕಳಿಸಿದರು. ದಾರಿ ತೋರಿಸಲು ಮರಿಯಪ್ಪನನ್ನೇ ಮುಂದೆ ಬಿಟ್ಟಿದ್ದರು. ಹಳ್ಳ ದಾಟುವ ಕಡೆ ಶರಣೇಗೌಡರ ಆಳುಗಳು ಅಡ್ಡ ನಿಂತರು. ನಡುಮಧ್ಯಾಹ್ನ. ಕೂಗು ಕೇಳಿ ನಾನು ಓಡಿಹೋಗುವಷ್ಟರಲ್ಲಿ ಬಡಿಗೆಗಳು ಮರಳಿನ ಮೇಲೆ ಬಿದ್ದಿದ್ದವು, ಮರಿಯಪ್ಪನೂ ಬಿದ್ದಿದ್ದ. ಹೊಡೆದವನು ಅಲ್ಲೇ ನಿಂತಿದ್ದ. ಅವನೂ ಜೀತದವನೇ, ಆಸ್ತಿ ಹಂಚಿಕೆಯಲ್ಲಿ ಶರಣೇಗೌಡರ ಪಾಲಿಗೆ ಬಂದವನು. ಸುಗ್ಗಿ ಮುಗಿದ ಮೇಲೆ ತಮ್ಮವರನ್ನೂ ಬಿಡುತ್ತೇನೆಂದು ಶರಣೇಗೌಡರು ಹೇಳಿದ್ದರಂತೆ. ಗೌಡರಿಬ್ಬರಲ್ಲಿ ಒಬ್ಬರೂ ಹಳ್ಳಕ್ಕೆ ಇಳಿದಿರಲಿಲ್ಲ.

ಮರಿಯಪ್ಪನನ್ನು ಬಂಡಿಯಲ್ಲಿ ಹಾಕಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೊರಟೆವು. ತಲೆ ನನ್ನ ತೊಡೆಯ ಮೇಲಿತ್ತು. "ದನಕ್ಕ ನೀರ ಕುಡಿಸಿಲ್ರೀ," ಎಂದ ಒಮ್ಮೆ. ಅದೇ ಅವನ ಕೊನೆಯ ಮಾತು. ಲಿಂಗಸುಗೂರು ಕಾಣುವ ಮೊದಲೇ ಬಂಡಿಯವನು ಎತ್ತುಗಳನ್ನು ನಿಲ್ಲಿಸಿ, ಹಿಂತಿರುಗಿ ನೋಡಿ, ರುಮಾಲು ತೆಗೆದ.

ಸುದ್ದಿ ಮುಟ್ಟಿಸಲು ನಾನೇ ಸಿಂಧನೂರಿನ ಕಡೆ ಹೋದೆ. ಕಾಲುವೆಯ ಏರಿಯ ಕೆಳಗೆ ದ್ಯಾವಪ್ಪ ಮಣ್ಣು ತುಂಬುತ್ತಿದ್ದ. ನನ್ನನ್ನು ಕಂಡು ಮೈ ಕೊಡವಿಕೊಂಡು ಬಂದ. ಈ ಸಲ ನನ್ನ ಕೈಚೀಲ ತೆಗೆದುಕೊಳ್ಳಲು ಬರಲಿಲ್ಲ. ಅದನ್ನು ಕಂಡು ಸಂತೋಷವಾಯಿತು, ಆ ಸಂತೋಷ ಇರುವಾಗಲೇ ಹೇಳಬೇಕಾದದ್ದನ್ನು ಹೇಳಿದೆ. ಅವನು ಮಣ್ಣಿನ ಗುಡ್ಡೆಯ ಮೇಲೆ ಕುಳಿತ.

"ಅವ ಸಣ್ಣಾವ ರೀ," ಎಂದ. "ಬಡಿಗಿ ಹಿಡಿಯಾಕೂ ಬರ್ತಿರಲಿಲ್ಲ."

ಹುಲಿಗೆವ್ವ ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು. "ನಾವು ಬಿಡಿಸ್ಕೊಂಡು ಬಂದೀವಿ ಅಂತ ತಿಳಿದಿದ್ವಿ ಮಾಸ್ತರ. ಬದಲಿ ಕೊಟ್ಟು ಬಂದೀವಿ."

ಅಮೀನ್ ಸಾಹೇಬರು ಬಂದು ಹೋದರು. ಹೊಡೆದವನು ಜೈಲಿಗೆ ಹೋದ. ಗೌಡರ ವಾಡೆಯ ನಡುವೆ ಗೋಡೆ ಎದ್ದಿತು. ಶರಣೇಗೌಡರು ತಮ್ಮ ಆಳುಗಳನ್ನು ಬಿಟ್ಟರು, ಆದರೆ ಆ ಆಳುಗಳಲ್ಲಿ ಯಾರೂ ಗೌಡರ ಮುಖ ನೋಡಿ ಮಾತನಾಡಲಿಲ್ಲ. ನನಗೆ ಸಿಂಧನೂರಿಗೆ ವರ್ಗವಾಯಿತು. ಅಲ್ಲಿ ಕೋಣೆ ಹಿಡಿದೆ, ನೀರು ನಾನೇ ಹೊತ್ತೆ.

ಕನ್ನಡದವರೆಲ್ಲ ಒಂದೇ ರಾಜ್ಯವಾದ ವರ್ಷ ರಜೆಗೆ ಊರಿಗೆ ಬಂದೆ. ಇನ್ನು ನೀನು ಪರದೇಶಿಯಲ್ಲ ಎಂದು ನೀವೆಲ್ಲ ನಕ್ಕಿರಿ. ನನ್ನ 'ಅದಾನ', 'ಐತಿ' ಕೇಳಿ ಇನ್ನೂ ನಕ್ಕಿರಿ. ನಾನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಬೆಳಿಗ್ಗೆ ಅವರ ಹಿತ್ತಲಿಗೆ ಹೋದಾಗ ಆ ಮನೆಯ ಆಳು ನಿಂಗ ಎತ್ತು ತೊಳೆಯುತ್ತಿದ್ದ. ಅಲ್ಲಿನ ಜೀತದ, ಕಾಲುವೆಯ ಸುದ್ದಿ ಜಗಲಿಯಲ್ಲಿ ನಾನು ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ. ನಿಂಗ ಆ ಮನೆಗೆ ಹೇಗೆ ಬಂದನೆಂದು ನಾನು ಯಾರನ್ನೂ ಕೇಳಿರಲಿಲ್ಲ.

"ಆ ಕಾಲ್ವೆ ಕೆಲ್ಸಕ್ಕೆ ಯಾರ್ ಬೇಕಾದ್ರೂ ಹೋಗ್ಬೌದಾ, ಬುದ್ಧಿ?" ಎಂದು ಎತ್ತಿನ ಬೆನ್ನು ಉಜ್ಜುತ್ತಲೇ ಕೇಳಿದ.

ಮಾವ ಬಾಗಿಲಲ್ಲಿ ನಿಂತಿದ್ದರು. ನಿಂಗನಿಗೂ ಅದು ಗೊತ್ತಿತ್ತು.

"ಹೋಗಬಹುದು," ಎಂದೆ. ಯಾವ ರೈಲು, ಎಲ್ಲಿ ಇಳಿಯಬೇಕು, ಯಾರನ್ನು ಕೇಳಬೇಕು, ಎಲ್ಲ ಹೇಳಿದೆ. ಅವನಿಗೆ ತಮ್ಮಂದಿರು ಇದ್ದಾರೆಯೇ ಎಂದೂ ಕೇಳಿದೆ. "ಒಬ್ಬ ಅವ್ನೆ," ಎಂದ. "ಅವನನ್ನೂ ಕರ್ಕೊಂಡು ಹೋಗು," ಎಂದೆ.

ಇಬ್ಬರೂ ಹೋದರು. ಮಾವನ ಮನೆಯಲ್ಲಿ ಈಗ ನನಗೆ ಎಲೆ ಹಾಕುವವರಿಲ್ಲ. ಊರಿನಲ್ಲಿ ಅರ್ಧ ಜನ ನನ್ನ ಪರ, ಅರ್ಧ ಜನ ಮಾವನ ಪರ ಎಂದು ಕೇಳುತ್ತೇನೆ. ಸಿಂಧನೂರಿನಲ್ಲಿ ನಾನು ಇಂದಿಗೂ ಮೈಸೂರು ಮಾಸ್ತರನೇ. ಎರಡೂ ಕಡೆ ಊಟಕ್ಕೆ ಕರೆಯುವವರು ಇದ್ದಾರೆ, ಮನೆಯವನೆಂದು ಯಾರೂ ಕರೆಯುವುದಿಲ್ಲ.