ಅಕ್ಕನಿಗೆ ತೋರಿಸಿದ ಬೀದಿ

ಬೀದಿಯವರೆಲ್ಲ ಅವನನ್ನು ಮಂಜಣ್ಣ ಎಂದು ಕರೆಯುತ್ತಿದ್ದರು. ಅದು ಹೆತ್ತವರಿಟ್ಟ ಹೆಸರಲ್ಲ. ಅವನು ಯಾವ ಚಿತ್ರ ಬರೆದರೂ ಅದರ ತುಂಬ ಮಂಜೇ ಇರುತ್ತಿದ್ದುದರಿಂದ ಎದುರು ಮನೆಯ ಬೀಗ ರಿಪೇರಿಯವನು ತಮಾಷೆಗೆ ಇಟ್ಟದ್ದು, ಹಾಗೇ ಅಂಟಿಕೊಂಡಿತು.

ಹಗಲೆಲ್ಲ ಅವನಿಗೆ ಬಸ್ ಡಿಪೋದಲ್ಲಿ ಕೆಲಸ. ಬಸ್ಸುಗಳ ಮೈಗೆ ಕೆಂಪು ಬಳಿಯಬೇಕು, ಹಳದಿ ಪಟ್ಟಿ ಎಳೆಯಬೇಕು, ನಂಬರು ಬರೆಯಬೇಕು. ಸಂಜೆ ಕಣ್ಣು ಮುಚ್ಚಿದರೂ ಕೆಂಪೇ ಕುಣಿಯುತ್ತಿತ್ತು. ಅದಕ್ಕೇ ಇರಬೇಕು, ತನಗೆಂದು ಕುಂಚ ಹಿಡಿದಾಗ ಬೂದಿ ಬಣ್ಣ, ತೊಳೆದು ಮಾಸಿದಂಥ ನೀಲಿ, ಒದ್ದೆ ಗೋಡೆಯ ಕಂದು, ಇಷ್ಟರಲ್ಲೇ ಅವನ ಲೋಕ ಮುಗಿಯುತ್ತಿತ್ತು.

ಅವನ ಮದುವೆಯ ಮಾತು ಮುಂದಕ್ಕೆ ಹೋಗುತ್ತಾ ಹೋಗಿ ನಿಂತೇ ಹೋಗಿತ್ತು. ಮನೆಯಲ್ಲಿದ್ದವರು ಅವನು ಮತ್ತು ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೈಮುರಿದು ದುಡಿದು ತಮ್ಮನನ್ನು ಸಾಕಿದವಳು, ಈಗ ಸೊಂಟ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಳು. ಕಿಟಕಿ ಅವಳ ತಲೆಯ ಹಿಂದೆ. ಮಂಚ ತಿರುಗಿಸೋಣವೆಂದರೆ ಕೋಣೆ ಇಕ್ಕಟ್ಟು. ಹಾಗಾಗಿ ಮಂಜಣ್ಣ ಕಿಟಕಿಯಲ್ಲಿ ನಿಂತು ಕಂಡದ್ದನ್ನು ಬರೆದು, ಅವಳ ಕಾಲ ಬಳಿಯ ಕುರ್ಚಿಯ ಮೇಲೆ ಆನಿಸಿಡುತ್ತಿದ್ದ.

"ಏನೋ ಇದು, ಬೀದೀಲಿ ಒಂದು ನರಪಿಳ್ಳೆನೂ ಇಲ್ಲ?"

"ಚಳಿ ಅಕ್ಕಾ. ಯಾರು ಬರ್ತಾರೆ?"

"ಬೇಕರಿಯವನು ಬಾಗಿಲು ತೆಗೆದಿಲ್ವಾ?"

"ತೆಗೆದಿದ್ದಾನೆ. ಮೂಲೇಲಿ ನೋಡು, ದೀಪ."

"ನೀನು ಹೇಳಿದ್ಮೇಲೆ ಕಾಣ್ತು. ನಿನ್ನ ದೀಪಕ್ಕೂ ನೆಗಡಿ ಆಗಿದೆ."

ಆ ವರ್ಷದ ಚಳಿ ಬಿಟ್ಟುಹೋಗುವ ಲಕ್ಷಣವೇ ಇರಲಿಲ್ಲ. ಡಿಪೋದಿಂದ ಬಂದು ಒಲೆ ಹೊತ್ತಿಸಿ, ಅಕ್ಕನ ಮೈ ಒರೆಸಿ, ಮಗ್ಗುಲು ಬದಲಿಸಿ ಮಂಜಣ್ಣ ಹೈರಾಣಾಗಿದ್ದ. ಅಕ್ಕ ಊಟವನ್ನೂ ಬಿಡತೊಡಗಿದಳು. ಅವಳಿಗೆ ಒಂದಿಷ್ಟು ಗೆಲುವಾಗಲಿ ಎಂದು, ರಜೆಯ ಬೆಳಿಗ್ಗೆ, ಅವನು ಬೀದಿಗೆ ಬಿಸಿಲು ಬರೆದ. ಗೋಡೆಗೆ, ಹೆಂಚಿಗೆ, ಬೇಕರಿಯ ಮೆಟ್ಟಿಲಿಗೆ ಧಾರಾಳವಾಗಿ ಹಳದಿ ಬಳಿದ.

ಅಕ್ಕ ಬಹಳ ಹೊತ್ತು ನೋಡಿದಳು.

"ಇವತ್ತು ಬಿಸಿಲು ಬಂದಿದೆಯಾ?"

"ಹೂಂ ಅಕ್ಕಾ."

"ಮತ್ತೆ ನನ್ನ ಕಾಲ್ಯಾಕೆ ಹೀಗೆ ಕೊರೀತಿದೆ? ಮುಟ್ಟಿ ನೋಡು."

ಮುಟ್ಟಿದ. ಕಲ್ಲಿನಷ್ಟು ತಣ್ಣಗಿತ್ತು. ಪಾದಗಳನ್ನು ಅಂಗೈಗಳ ನಡುವೆ ಹಿಡಿದು ಕುಳಿತ.

"ಸಮಾಧಾನ ಹೇಳೋಕೆ ಎಲ್ಲರೂ ಬರ್ತಾರೆ ಕಣೋ. ಡಾಕ್ಟರು ಬರ್ತಾರೆ, ಬೀಗದವನ ಹೆಂಡ್ತಿ ಬರ್ತಾಳೆ. ಹೊರಗೇನಿದೆ ಅಂತ ಹೇಳೋನು ನೀನೊಬ್ನೇ. ನೀನೂ ಶುರು ಮಾಡಿದ್ರೆ ನಾನು ಯಾರನ್ನ ಕೇಳ್ಲಿ?"

ಮಂಜಣ್ಣನ ಮುಖ ಚಿಕ್ಕದಾಯಿತು. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಹಳದಿಯನ್ನು ಒರೆಸಿ, ಮೇಲೆ ಬೂದಿ ಹಚ್ಚಿದ. ಹಳದಿ ಪೂರ್ತಿ ಹೋಗಲಿಲ್ಲ. ಗೋಡೆಗಳು ಜ್ವರದಿಂದ ಎದ್ದವರ ಮುಖದಂತೆ ಬಿಳುಚಿಕೊಂಡವು. ಅಕ್ಕ ಮೆಚ್ಚಿದಳು.

"ಈಗ ಸರಿ. ನನ್ನನ್ನೂ ಎಲ್ಲಾದ್ರೂ ಒಂದು ಕಡೆ ಹಾಕು."

"ಈಗ ತಾನೇ ಬೈದೆ, ಇಲ್ಲದ್ದು ಹಾಕ್ಬೇಡ ಅಂತ!"

"ನಾನು ಇಲ್ವೇನೋ? ಇನ್ನೂ ಇದೀನಿ."

ಇಬ್ಬರಿಗೂ ನಗು ಬಂತು. ಬೇಕರಿಯ ಮುಂದೆ ಅವನೊಂದು ಕಂದು ಚುಕ್ಕೆ ಇಟ್ಟು, ಎಳೆದು, ಹೆಂಗಸಾಗಿಸಿದ.

"ಕೈಗೆ ಏನು ಕೊಡ್ಲಿ? ಚೀಲನಾ, ಕೊಡೆನಾ?"

"ಏನೂ ಬೇಡ. ಕೈ ಬೀಸ್ಕೊಂಡು ಹೋಗ್ತಾ ಇರ್ಲಿ."

ಅಂದು ಅಕ್ಕ ನಾಲ್ಕು ತುತ್ತು ಉಂಡಳು. ಆ ಚಳಿಗಾಲವನ್ನು ಹೇಗೋ ದಾಟಿದಳು, ಮುಂದಿನದನ್ನು ದಾಟಲಿಲ್ಲ.

ಮಂಜಣ್ಣ ಈಗಲೂ ರಜೆಯ ದಿನ ಅದೇ ಕಿಟಕಿಯಲ್ಲಿ ನಿಂತು ಬೀದಿ ಬರೆಯುತ್ತಾನೆ. ಅದೆಲ್ಲಿ, ಇದೆಲ್ಲಿ ಎಂದು ಕೇಳುವವರಿಲ್ಲದ್ದರಿಂದ ಚಿತ್ರ ಬೇಗ ಮುಗಿಯುತ್ತದೆ. ಮಿಕ್ಕ ಹೊತ್ತಿನಲ್ಲಿ ಒಗೆದ ಬಟ್ಟೆ ಮಡಚಿಟ್ಟು, ಸುಮ್ಮನೆ ಅಡ್ಡಾಗುತ್ತಾನೆ.