ಒಂಟಿ ಕೂಗು

ಆಗೆಲ್ಲ ನಿಟ್ಟೂರಿನಿಂದ ನಮ್ಮೂರಿಗೆ ಹೋಗಲು ಕಾಲುಗಳನ್ನು ಬಿಟ್ಟರೆ ಬೇರೆ ವಾಹನವಿರಲಿಲ್ಲ. ಬಸ್ಸಿಳಿದು, ಹಳ್ಳ ದಾಟಿ, ಕಾನಿನೊಳಗಿನ ಏರು ಹತ್ತಬೇಕು. ಇನ್ನು ಆಗುವುದಿಲ್ಲ ಎನ್ನುವಷ್ಟು ಸುಸ್ತಾದಾಗ ಮರಗಳು ಮುಗಿದು ಹುಲ್ಲಿನ ಬ್ಯಾಣ ಶುರುವಾಗುತ್ತಿತ್ತು. ಅದರ ನೆತ್ತಿಯಲ್ಲಿ ನಮ್ಮ ಏಳೆಂಟು ಮನೆ. ಕೆಳಗಿನವರು ನಮ್ಮನ್ನು 'ಮೇಲಿನವರು' ಎನ್ನುತ್ತಿದ್ದರು. ಅದರಲ್ಲಿ ಗೌರವವೇನೂ ಇರಲಿಲ್ಲ, ದಾರಿ ಹೇಳುವ ಮಾತಷ್ಟೆ.

ನಮ್ಮ ಮನೆಮಾತೂ ಬೇರೆಯೇ. ಮರಾಠಿಯ ಹಾಗಿತ್ತು, ಆದರೆ ಮರಾಠಿಯವರು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಯಾವ ಕಾಲದಲ್ಲೋ ಘಟ್ಟದ ಗುಂಟ ನಡೆದು ಬಂದ ಹಿರಿಯರು ಹೊತ್ತು ತಂದ ಮಾತು. ಅದಕ್ಕೆ ಅಕ್ಷರವಿಲ್ಲ, ಪುಸ್ತಕವಿಲ್ಲ. ಶಾಲೆಯಲ್ಲಿ ಬಾಯಿತಪ್ಪಿ ಆಡಿದರೆ ಮಕ್ಕಳು ನಗುತ್ತಿದ್ದರು. ಮನೆಯಲ್ಲಿ ಕನ್ನಡ ಆಡಿದರೆ ಆಜಿ, ಅಂದರೆ ನಮ್ಮ ಅಜ್ಜಿ, ಇವತ್ತು ಸಂತೆ ಇಲ್ಲವಲ್ಲ ಎಂದು ಕೆಣಕುತ್ತಿದ್ದಳು. ಅವಳ ಪ್ರಕಾರ ಕನ್ನಡ ಉಪ್ಪು ಮತ್ತು ಸೀಮೆಎಣ್ಣೆ ಕೊಳ್ಳಲು ಇರುವ ಭಾಷೆ.

ದೀಪಾವಳಿ ಕಳೆದ ಮೇಲೆ ಕರಡ ಕೊಯ್ಯುವ ಕಾಲ. ಕರಡವೆಂದರೆ ಬ್ಯಾಣದ ಹುಲ್ಲು. ಒಣಗಿಸಿದರೆ ಕೊಟ್ಟಿಗೆಯ ಮಾಡಿಗೂ ಆಯಿತು, ದನಕ್ಕೂ ಆಯಿತು. ಇಡೀ ಊರಿಗೆ ಒಣಹುಲ್ಲಿನ ಸಿಹಿ ಘಮ ಹಿಡಿಯುತ್ತಿತ್ತು, ಹೊದೆಯುವ ಕಂಬಳಿಗೂ ಅದೇ ವಾಸನೆ. ನಾವು ಮಕ್ಕಳು ಕೊಯ್ದ ಬ್ಯಾಣದ ಮೇಲೆ ಅಡಿಕೆ ಹಾಳೆಯಲ್ಲಿ ಕೂತು ಜಾರುತ್ತಿದ್ದೆವು. ಚಡ್ಡಿ ಲಂಗಗಳೆಲ್ಲ ಹರಿದು ಬೈಸಿಕೊಂಡು, ಕೆಂಡದಲ್ಲಿ ಸುಟ್ಟ ಗೆಣಸಿಗೆ ಜೋನಿಬೆಲ್ಲ ಅದ್ದಿ ತಿಂದರೆ ಬೈಗುಳ ಮರೆತುಹೋಗುತ್ತಿತ್ತು.

ಆ ದಿನಗಳಲ್ಲಿ ಸಂಜೆ ಕಣಿವೆಯಿಂದ ದಟ್ಟ ಮಂಜಿನ ಕಾವಳ ಏಳುತ್ತಿತ್ತು. ಎದುರಿಗಿದ್ದ ಹೆಂಗಸು ನೋಡನೋಡುತ್ತ ಅದರಲ್ಲಿ ಇಲ್ಲವಾಗುತ್ತಿದ್ದಳು. ಅದಕ್ಕೇ ನಮ್ಮಲ್ಲಿ ಕೂ ಹಾಕುವುದು. ಒಬ್ಬರು ಕೂ ಎಂದರೆ ಇನ್ನೊಬ್ಬರು ಕೂ ಎಂದು ಓಗೊಡಬೇಕು. ಒಂದೊಂದು ಮನೆಯ ಕೂಗಿಗೆ ಒಂದೊಂದು ರಾಗ. ಆಜಿಯದು ಕೊನೆಗೆ ಮೇಲಕ್ಕೆ ಎದ್ದು ಸಣ್ಣಗೆ ಮುರಿಯುತ್ತಿತ್ತು. ಅದು ಕೇಳಿದರೆ ನಮ್ಮ ಕರಿನಾಯಿ ಎಲ್ಲಿದ್ದರೂ ಓಡಿ ಬರುತ್ತಿತ್ತು.

ಕೂ ಹಾಕುವುದಕ್ಕೆ ಒಂದು ಕಟ್ಟಳೆಯಿತ್ತು. ಮನುಷ್ಯರಾದವರು ಯಾವಾಗಲೂ ಬೆನ್ನುಬೆನ್ನಿಗೆ ಎರಡು ಸಲ ಕೂಗಬೇಕು. ಒಂದೇ ಸಲ ಕೂಗಿ ಸುಮ್ಮನಾಗುವುದು ಮನುಷ್ಯರದಲ್ಲ. ಅದಕ್ಕೆ ಹೆಸರಿರಲಿಲ್ಲ, 'ಅದು' ಎನ್ನುತ್ತಿದ್ದೆವು. ಒಂಟಿ ಕೂಗಿಗೆ ಓಗೊಟ್ಟವರ ದನಿಯನ್ನು ಅದು ತೆಗೆದುಕೊಂಡು ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಇದನ್ನು ಮನೆಯೊಳಗೆ ಮಾತಾಡುವಂತಿಲ್ಲ, ಆಡಿದರೆ ಕರೆದ ಹಾಗೆ. ಕಾಡಿಗೆ ಹೋದಾಗ ಹಿರಿಯರನ್ನು ನೋಡಿ ಕಲಿಯಬೇಕು. ಹೀಗೆ ಕಲಿತವರಿಗೆ ಅದು ನೀರು ಕುಡಿದಷ್ಟು ಸಲೀಸು. ಹೊರಗಿನಿಂದ ಬಂದವರಿಗೆ ಹೇಳಿಕೊಡುವ ದಾರಿಯೇ ಇರಲಿಲ್ಲ. ಹೊರಗಿನಿಂದ ಯಾರೂ ಬಂದೂ ಇರಲಿಲ್ಲ, ಕಾಕಿ ಬರುವ ತನಕ.

ಕಾಕಿ ನನ್ನ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಸಾಗರದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದವನು, ಅಲ್ಲಿಯೇ ಮೆಚ್ಚಿ ಮದುವೆಯಾಗಿ ಕರೆದುಕೊಂಡು ಬಂದ. ಯಾರೂ ಜಗಳವಾಡಲಿಲ್ಲ, ಹಾಗೆಂದು ಮಾತೂ ಆಡಲಿಲ್ಲ. ಮಾತು ಬಂದರಲ್ಲವೇ ಆಡುವುದು? ಹೆಂಗಸರು ಒಲೆಯ ಮುಂದೆ ನಮ್ಮ ಮಾತಿನಲ್ಲಿ ನಗುತ್ತಿದ್ದರೆ ಅವಳು ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮೊದಲ ಸಲ ಚಗಳಿ ಇರುವೆಯ ಚಟ್ನಿ ಬಡಿಸಿದಾಗ ಕಣ್ಣು ಮುಚ್ಚಿ ನುಂಗಿದಳು. ಒಳ್ಳೆಯವಳು, ಪಾಪ. ನನಗೆ ಅವಳೆಂದರೆ ಇಷ್ಟ.

ಆ ವರ್ಷ ಕರಡ ಕೊಯ್ಯಲು ತಾನೂ ಹೊರಟಳು. ಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಇಳಿಹೊತ್ತಿಗೆ ಕಾವಳ ಕವಿಯಿತು. ಹೆಂಗಸರು ಎರಡೆರಡು ಕೂ ಹಾಕಿ ಒಬ್ಬರನ್ನೊಬ್ಬರು ಕೂಡಿಕೊಂಡು, ಹೊರೆ ಹೊತ್ತು ಮನೆ ಸೇರಿದರು. ಅಂಗಳದಲ್ಲಿ ಹೊರೆ ಇಳಿಸುವಾಗ ಕಾಕಿ ಇಲ್ಲ. ನಿನ್ನ ಜೊತೆಗಿದ್ದಳಲ್ಲ ಎಂದು ಇವಳು, ನಿನ್ನ ಹಿಂದೆಯೇ ಇದ್ದಳಲ್ಲ ಎಂದು ಅವಳು. ಯಾರೂ ಅವಳೊಡನೆ ಮಾತಾಡುತ್ತಿರಲಿಲ್ಲವಾದ್ದರಿಂದ ಅವಳ ದನಿ ನಿಂತುಹೋದದ್ದು ಯಾರಿಗೂ ತಿಳಿದಿರಲಿಲ್ಲ.

ಗಂಡಸರು ಸೂಡಿ ಹಚ್ಚಿಕೊಂಡು ಬ್ಯಾಣದ ಅಂಚಿಗೆ ಹೋಗಿ ಕೂಗಿದರು. ಎರಡೆರಡು ಸಲ, ಮತ್ತೆ ಮತ್ತೆ. ಕಾವಳ ಅದನ್ನೆಲ್ಲ ನುಂಗಿತು. ಸುಸ್ತಾಗಿ ಎಲ್ಲರೂ ಸುಮ್ಮನಾದಾಗ ಕಾನಿನ ಕಡೆಯಿಂದ ಒಂದು ಕೂಗು ಬಂತು. ಕೂ. ಅಷ್ಟೆ. ನಾನು ಅವರ ಹಿಂದೆಯೇ ಆಜಿಯ ಸೀರೆ ಹಿಡಿದು ನಿಂತು ಎರಡನೆಯದಕ್ಕಾಗಿ ಕಾದೆ. ಇಡೀ ಊರೇ ಕಾದಿತು. ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದೇ ಒಂದು.

ಚಿಕ್ಕಪ್ಪ ಓಗೊಡಲು ಬಾಯಿ ತೆರೆದದ್ದೇ ತಡ, ಅಪ್ಪ ಅವನ ಬಾಯಿಗೆ ಕೈ ಅಡ್ಡ ಇಟ್ಟ. ಅವಳಿಗೆ ನಮ್ಮ ಕಟ್ಟಳೆ ಗೊತ್ತಿಲ್ಲ, ಗೊತ್ತಿಲ್ಲದವಳು ಒಂದೇ ಸಲ ಕೂಗಿರಬಹುದು ಎಂದು ಚಿಕ್ಕಪ್ಪ ಅಳುತ್ತ ಕೊಸರಾಡಿದ. ಅವಳಿಗೆ ಗೊತ್ತಿಲ್ಲ ಎನ್ನುವುದು ಅದಕ್ಕೂ ಗೊತ್ತಿರುತ್ತದೆ ಎಂದರು ಹಿರಿಯರು. ಓಗೊಡದೆ ಹುಡುಕಿಕೊಂಡು ಹೋಗುವ ಹಾಗೂ ಇರಲಿಲ್ಲ, ಕಾನಿನ ಆಚೆ ಕಡಿದಾದ ಪ್ರಪಾತ. ದಿಕ್ಕು ಸಿಗಬೇಕಾದರೆ ಕೂಗಿಗೆ ಕೂಗು ಸೇರಲೇಬೇಕು. ಚಳಿ ಏರುತ್ತಿತ್ತು. ಯಾರೂ ಕದಲಲಿಲ್ಲ.

ಆಜಿ ನನ್ನ ಕೈ ಬಿಡಿಸಿಕೊಂಡು ಅವರ ನಡುವೆ ಹೋಗಿ ನಿಂತಳು. ಅವಳು ಹೇಳಿದ್ದು ನಮ್ಮ ಮಾತಿನಲ್ಲಿ, ಕನ್ನಡದಲ್ಲಿ ಬರೆದರೆ ಹೀಗೆ:

"ಅದೇ ಆಗಿದ್ರೆ ನನ್ನ ದನಿ ಹೋಗ್ತದೆ. ಅವಳೇ ಆಗಿದ್ರೆ ಅವಳ ಜೀವ ಹೋಗ್ತದೆ. ಯಾವ್ದು ದೊಡ್ಡದು, ನೀವೇ ಹೇಳಿ."

ಆಜಿ ಬಾಯಿಗೆ ಕೈ ಹಿಡಿದು ಎರಡು ಸಲ ಕೂ ಎಂದಳು. ಕಾನಿನಿಂದ ತಕ್ಷಣ ಉತ್ತರ ಬಂತು, ಅಷ್ಟು ಬೇಗ ಬಂದದ್ದೇ ನನಗೆ ಮೈ ಜುಮ್ಮೆನ್ನಿಸಿತು. ಆಜಿ ಕೂಗುತ್ತ ಮುಂದೆ, ಗಂಡಸರು ಹಿಂದೆ. ಸೂಡಿಗಳು ಕಾವಳದಲ್ಲಿ ಕೆಂಪಗೆ ಕಲಸಿ ಹೋದವು.

ಕಾಕಿ ಸಿಕ್ಕಿದಳು. ಪ್ರಪಾತದ ತುದಿಯ ಬಂಡೆಗೆ ಒರಗಿ, ಕಾಲು ಉಳುಕಿ, ಕರಡದ ಹೊರೆಯನ್ನು ಮಗುವಿನ ಹಾಗೆ ತಬ್ಬಿ ಕೂತಿದ್ದಳಂತೆ. ಚಿಕ್ಕಪ್ಪ ಬೆನ್ನ ಮೇಲೆ ಹೊತ್ತು ತಂದ. ನಮ್ಮಮ್ಮ ಬಿಸಿನೀರು ಕಾಯಿಸಿ ಕಾಲಿಗೆ ಹಾಕುತ್ತ, ಬರುವಷ್ಟು ಕನ್ನಡದಲ್ಲಿ, ಒಳ್ಳೇದಾಯ್ತು ನೀನು ಕೂಗಿದ್ದು ಎಂದಳು. ಕಾಕಿ ಎಲ್ಲರ ಮುಖವನ್ನೂ ನೋಡಿದಳು.

"ನಾನ್ ಎಲ್ಲಿ ಕೂಗ್ದೆ ಅಕ್ಕಾ? ಯಾರೋ ಬೆನ್ನ ಹಿಂದೇನೇ ಕೂಗಿದ್ರು. ಹೊತ್ತು ಮುಳುಗಿದ್ಮೇಲೆ ಕಾಡಲ್ಲಿ ಓಗೊಡಬಾರ್ದು ಅಂತ ನಮ್ಮಮ್ಮ ಹೇಳಿದ್ಲು. ಹೆದ್ರಿಕೆ ಆಗಿ ಅಲ್ಲೇ ಬಾಯಿ ಮುಚ್ಕಂಡ್ ಕೂತ್ಬಿಟ್ಟೆ."

ಅಮ್ಮನ ಕೈಯ ಚೊಂಬು ಅಲ್ಲೇ ನಿಂತಿತು. ಆಮೇಲೆ ಅಪ್ಪ ಹೇಳಿದ, ಅವಳು ಕೂತ ಜಾಗದಿಂದ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕೆಳಗಿನ ಹಳ್ಳದಲ್ಲಿ ಹುಡುಕಬೇಕಿತ್ತು ಎಂದು. ಹಾಗಾದರೆ ಅದು ಅವಳನ್ನು ಹೆದರಿಸಿತೋ, ಉಳಿಸಿತೋ? ನನಗೆ ಈವತ್ತಿಗೂ ಗೊತ್ತಿಲ್ಲ.

ಮಾರನೆಯ ದಿನ ಆಜಿ ಎದ್ದಾಗ ದನಿ ಇರಲಿಲ್ಲ. ಚಳಿಗೆ ಗಂಟಲು ಕಟ್ಟಿದೆ ಎಂದು ಕಷಾಯ ಕೊಟ್ಟರು. ಹೊಸನಗರದ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಬಾವು ಬಂದಿದೆ, ಕಿರುಚಬೇಡಿ ಎಂದು ಮಾತ್ರೆ ಬರೆದರು. ಬಾವು ಇಳಿದರೂ ದನಿ ಬರಲಿಲ್ಲ. ಒಣಗಿದ ಎಲೆ ಸರಿದ ಹಾಗೆ ಪಿಸುಗುಟ್ಟುವಷ್ಟೇ ಉಳಿಯಿತು.

ಹೋಳಿ ಹತ್ತಿರ ಬಂದಾಗ, ಒಂದು ಸಂಜೆ, ಆಜಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನಾನು ನುಚ್ಚು ಆರಿಸುತ್ತ ಪಕ್ಕದಲ್ಲೇ ಇದ್ದೆ. ಕಾನಿನ ಕಡೆಯಿಂದ ಕೂಗು ಕೇಳಿತು. ಎರಡು ಸಲ, ಬೆನ್ನುಬೆನ್ನಿಗೆ, ಕೊನೆಗೆ ಮೇಲಕ್ಕೆ ಎದ್ದು ಸಣ್ಣಗೆ ಮುರಿದು. ಕರಿನಾಯಿ ಬಾಲ ಅಲ್ಲಾಡಿಸುತ್ತ ಬ್ಯಾಣದ ಅಂಚಿನ ತನಕ ಓಡಿತು. ಅಲ್ಲಿ ನಿಂತು ತಿರುಗಿ ಆಜಿಯನ್ನು ನೋಡಿತು. ಕಾನನ್ನು ನೋಡಿತು. ಮತ್ತೆ ಆಜಿಯನ್ನು ನೋಡಿ ಅಲ್ಲೇ ಕೂತಿತು. ಆಜಿ ಮೊರವನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಕಿವಿಗಳ ಮೇಲೆ ಎರಡೂ ಕೈ ಮುಚ್ಚಿದಳು.

ಅವತ್ತಿನಿಂದ ನಮ್ಮೂರಲ್ಲಿ ಯಾರೂ ಕೂ ಹಾಕಲಿಲ್ಲ. ಒಂದಕ್ಕೂ ಎರಡಕ್ಕೂ ವ್ಯತ್ಯಾಸವೇ ಇಲ್ಲವೆಂದಾದ ಮೇಲೆ ಯಾವ ಧೈರ್ಯದ ಮೇಲೆ ಓಗೊಡುವುದು? ಕಾಡಿಗೆ ಹೋದವರು ಕೈಗೆ ಕೈ ತಾಗುವ ಹಾಗೆ ನಡೆಯುತ್ತಿದ್ದರು. ಕಾಕಿಯನ್ನು ಯಾರೂ ದೂರಲಿಲ್ಲ. ದೂರದಿರುವುದೇ ಅವಳಿಗೆ ಹೆಚ್ಚು ನೋವಾಗಿತ್ತೆಂದು ಈಗ ಅನ್ನಿಸುತ್ತದೆ. ಅವಳು ಆಜಿಯ ಪಕ್ಕವನ್ನೇ ಬಿಡದಾದಳು. ಆಜಿಯ ಬಾಯಿಗೆ ಕಿವಿಯಿಟ್ಟು ಕೇಳುವುದು, ಕೇಳಿದ್ದನ್ನು ಹಾಗೆಯೇ ಗಟ್ಟಿಯಾಗಿ ಹೇಳುವುದು. ಮೊದಲು ಅರ್ಥವಾಗದೆಯೇ ಹೇಳುತ್ತಿದ್ದಳು, ತಪ್ಪಿದರೆ ಆಜಿ ಅವಳ ತೊಡೆ ಚಿವುಟುತ್ತಿದ್ದಳು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಲೆಯ ಮುಂದೆ ಹೆಂಗಸರ ಜೊತೆ ಕಾಕಿಯೂ ನಗುತ್ತಿದ್ದಳು. ನಮ್ಮನ್ನು ನಮ್ಮ ಮಾತಿನಲ್ಲೇ, ಆಜಿಯ ರಾಗದಲ್ಲೇ ಬೈಯುತ್ತಿದ್ದಳು.

ನಾನು ಹೊಸನಗರದ ಹಾಸ್ಟೆಲ್ ಸೇರಿದೆ, ಆಮೇಲೆ ತೀರ್ಥಹಳ್ಳಿಯ ಸೊಸೆಯಾದೆ. ಆಜಿ ಹೋದಳು. ಕರೆಂಟು, ಬಸ್ಸು, ಶಾಲೆ ಎಂದು ಒಂದೊಂದೇ ಮನೆ ಇಳಿದು ಇಡೀ ಊರು ನಿಟ್ಟೂರಿನ ರಸ್ತೆ ಬದಿಗೆ ಬಂದಿತು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಬಾಯಲ್ಲೂ ಕನ್ನಡ. ಮಕ್ಕಳಿಗೆ ಶಾಲೆಯಲ್ಲಿ ನಗೆಪಾಟಲಾಗಬಾರದೆಂದು ಮನೆಯಲ್ಲೂ ನಮ್ಮ ಮಾತು ಬಿಟ್ಟರು. ನಾನೂ ಬಿಟ್ಟವಳೇ.

ಹೋದ ತಿಂಗಳು ಮಗಳನ್ನು ಕರೆದುಕೊಂಡು ಹೋಗಿದ್ದೆ. ಕಾಕಿಯ ತಲೆ ನರೆತಿದೆ. ನನ್ನನ್ನು ಕಂಡದ್ದೇ ಎರಡೂ ಕೈ ಹಿಡಿದು, ನಮ್ಮ ಮಾತಿನಲ್ಲಿ ಮಾತಾಡತೊಡಗಿದಳು. ಸಾಗರದ ಹೆಂಗಸಿನ ಬಾಯಿಂದ ಆಜಿಯ ದನಿ ಏರುತ್ತ ಇಳಿಯುತ್ತ ಬರುತ್ತಿತ್ತು. ನನಗೆ ಬೆನ್ನಲ್ಲಿ ಚಳಿ ಹುಟ್ಟಿ, ಅದರ ಹಿಂದೆಯೇ ಅಳು ಬಂತು. ಈಗ ಊರಿನಲ್ಲಿ ಅದನ್ನು ಪೂರ್ತಿ ಆಡುವವಳು ಅವಳೊಬ್ಬಳೇ ಅಂತೆ. ಉತ್ತರ ಕೊಡುವವರಿಲ್ಲದೆ ಎಮ್ಮೆಯ ಜೊತೆ ಆಡುತ್ತಾಳೆಂದು ಚಿಕ್ಕಪ್ಪ ನಗೆಯಾಡಿದ.

ಕೊನೆಗೆ ಕಾಕಿ ಏನೋ ಕೇಳಿದಳು. ಕೇಳಿದಳೆಂಬುದು ರಾಗದಿಂದ ತಿಳಿಯಿತು, ಏನೆಂಬುದು ತಿಳಿಯಲಿಲ್ಲ; ಆಡದೆ ಆಡದೆ ಆ ಪದಗಳು ನನಗೆ ಮರೆತುಹೋಗಿದ್ದವು. ಅಮ್ಮಾ, ಅಜ್ಜಿ ಎಂತ ಕೇಳ್ತಿದಾರೆ ಎಂದು ಮಗಳು ನನ್ನ ಸೆರಗು ಜಗ್ಗಿದಳು. ಕಾಕಿ ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕಾಗಿ ಕಾದಳು. ನಾನು ಹೂಂ ಎಂದೆ.